ಆರೋಗ್ಯ ವಿಮೆ ಬದಲಿಸುವ ಮುನ್ನ: ಘಟ್ಟದ ಮೇಲಿನ ಮೂರು ತಾಲೂಕುಗಳ ಲೆಕ್ಕ

ಒಂದು ಕಂಪನಿಯ ಆರೋಗ್ಯ ವಿಮೆ ಬಿಟ್ಟು ಇನ್ನೊಂದು ಕಂಪನಿಗೆ ಹೋಗುವವರು ಹಳೆಯ ಪಾಲಿಸಿಯಲ್ಲಿ ಕಳೆದ ವರ್ಷಗಳನ್ನೂ ಜೊತೆಗೆ ಒಯ್ಯಬಹುದು. ಪೋರ್ಟಬಿಲಿಟಿ ಎಂಬ ಈ ಹಕ್ಕು ಭಾರತದಲ್ಲಿ 2011ರ ಅಕ್ಟೋಬರ್ 1ರಿಂದ ಜಾರಿಯಲ್ಲಿದೆ. ಮೊಬೈಲ್ ನಂಬರ್ ಉಳಿಸಿಕೊಂಡು ಕಂಪನಿ ಬದಲಿಸಿದ ಹಾಗೆಯೇ ಇದೂ ಎಂದು ಏಜೆಂಟರು ಹೇಳುವುದುಂಟು. ಆ ಮಾತು ಅರ್ಧ ಮಾತ್ರ ನಿಜ. ಸಿಮ್ ಕೊಡುವವರು ಯಾರಿಗೂ ಶುಗರ್ ಇದೆಯೇ, ಬಿಪಿ ಇದೆಯೇ ಎಂದು ಕೇಳುವುದಿಲ್ಲ. ವಿಮಾ ಕಂಪನಿ ಕೇಳುತ್ತದೆ, ಉತ್ತರ ಹಿಡಿಸದಿದ್ದರೆ ಅರ್ಜಿಯನ್ನು ವಾಪಸು ಕಳಿಸುತ್ತದೆ.

ಕಳೆದ ವರ್ಷಗಳಿಗೆ ಬೆಲೆ ಬರುವುದು ಕಾಯುವ ಅವಧಿಯಿಂದ. ಹೊಸ ಪಾಲಿಸಿಯಲ್ಲಿ ಮೊದಲ 30 ದಿನ ಅಪಘಾತ ಬಿಟ್ಟು ಬೇರೆ ಯಾವ ಕಾಯಿಲೆಗೂ ಹಣ ಸಿಗುವುದಿಲ್ಲ. ಕಣ್ಣಿನ ಪೊರೆ, ಹರ್ನಿಯಾ, ಮೂಲವ್ಯಾಧಿ, ಮೂತ್ರಕೋಶದ ಕಲ್ಲು, ಮಂಡಿ ಬದಲಿಸುವ ಶಸ್ತ್ರಚಿಕಿತ್ಸೆ ಮೊದಲಾದವಕ್ಕೆ ಸಾಮಾನ್ಯವಾಗಿ ಎರಡು ವರ್ಷ ಕಾಯಬೇಕು. ಪಾಲಿಸಿ ಮಾಡಿಸುವ ಮೊದಲೇ ಇದ್ದ ಕಾಯಿಲೆಗೆ ಹಿಂದೆ ನಾಲ್ಕು ವರ್ಷದವರೆಗೂ ಕಾಯಿಸಬಹುದಿತ್ತು. ವಿಮಾ ನಿಯಂತ್ರಣ ಪ್ರಾಧಿಕಾರ (ಐಆರ್‌ಡಿಎಐ) 2024ರ ಏಪ್ರಿಲ್‌ನಿಂದ ಆ ಮಿತಿಯನ್ನು ಮೂರು ವರ್ಷಕ್ಕೆ ಇಳಿಸಿದೆ. ಶುಗರ್ ಇರುವ ಅರವತ್ತರ ಆಸುಪಾಸಿನವರು ಮೂರು ವರ್ಷ ಕಂತು ಕಟ್ಟಿ ಈ ಗಡಿ ದಾಟಿದ್ದರೆ, ಅದು ಅವರು ದುಡ್ಡು ಕೊಟ್ಟು ಗಳಿಸಿದ ಆಸ್ತಿ. ಪೋರ್ಟ್ ಮಾಡದೆ, ಹಳೆಯದನ್ನು ಬಿಟ್ಟು ಬೇರೆ ಕಡೆ ಹೊಸ ಪಾಲಿಸಿ ಕೊಂಡರೆ ಆ ಆಸ್ತಿ ಅಲ್ಲಿಗೇ ಹೋಯಿತು.

ಶಿರಸಿ, ಸಿದ್ದಾಪುರ, ಯಲ್ಲಾಪುರ ಕಡೆಯ ಮನೆಗಳಲ್ಲಿ ಆರೋಗ್ಯ ಕಾರ್ಡುಗಳಿಗೆ ಕೊರತೆಯಿಲ್ಲ. ಬದಲಾವಣೆಯ ಯೋಚನೆ ಬಂದಾಗ, ಇವುಗಳಲ್ಲಿ ಪೋರ್ಟ್ ಆಗುವುದು ಯಾವುದು ಎಂಬುದನ್ನು ಮೊದಲು ಬೇರ್ಪಡಿಸಿಕೊಳ್ಳಬೇಕು. ಸಹಕಾರ ಸಂಘಗಳು ಬೇರೂರಿದ ಈ ನಾಡಿನಲ್ಲಿ ಸೊಸೈಟಿಯ ಸದಸ್ಯರಿಗೆ ಯಶಸ್ವಿನಿ ಹತ್ತಿರದ್ದು. 2003ರಲ್ಲಿ ಆರಂಭವಾದ ಈ ಯೋಜನೆ 2018ರಲ್ಲಿ ನಿಂತು, 2023ರ ಜನವರಿಯಿಂದ ಮತ್ತೆ ಚಿಕಿತ್ಸೆ ಕೊಡತೊಡಗಿತು. ಮರುಜಾರಿಯಾದಾಗ ಗ್ರಾಮೀಣ ಸಂಘದ ಸದಸ್ಯರ ನಾಲ್ವರ ಕುಟುಂಬಕ್ಕೆ ವರ್ಷಕ್ಕೆ 500 ರೂಪಾಯಿ ವಂತಿಗೆ, 5 ಲಕ್ಷದವರೆಗೆ ಚಿಕಿತ್ಸೆ ಎಂದು ನಿಗದಿಯಾಗಿತ್ತು. ಈ ಬೆಲೆಗೆ ಪೈಪೋಟಿ ಕೊಡಬಲ್ಲ ಖಾಸಗಿ ವಿಮೆ ಇಲ್ಲ. ಆದರೆ ಪಟ್ಟಿಯಲ್ಲಿರುವ ಚಿಕಿತ್ಸೆ ಪಟ್ಟಿಯಲ್ಲಿರುವ ಆಸ್ಪತ್ರೆಯಲ್ಲೇ ಆಗಬೇಕು, ನೋಂದಣಿ ವರ್ಷದ ನಿಗದಿತ ತಿಂಗಳುಗಳಲ್ಲೇ ಮುಗಿಯಬೇಕು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ರಕ್ಷಣೆ ಇದೆ. ಎಪಿಎಲ್ ಕಾರ್ಡಿನವರಿಗೆ ಪ್ಯಾಕೇಜ್ ದರದ ಶೇ 30 ಮಾತ್ರ, ಅದೂ ವರ್ಷಕ್ಕೆ ಒಂದೂವರೆ ಲಕ್ಷದೊಳಗೆ. ನಾಲ್ಕಾರು ಎಕರೆ ಅಡಕೆ ತೋಟದ ಮನೆಗಳು ಹೆಚ್ಚಾಗಿ ಈ ಎರಡನೆಯ ಸಾಲಿನವು. ತುರ್ತು ಸ್ಥಿತಿ ಬಿಟ್ಟರೆ ಖಾಸಗಿ ಆಸ್ಪತ್ರೆಗೆ ಹೋಗಲು ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರವೂ ಬೇಕು.

ಈ ಎರಡೂ ಸರ್ಕಾರದ ಯೋಜನೆಗಳು. ಇವುಗಳಲ್ಲಿ ಕಳೆದ ವರ್ಷಗಳನ್ನು ಖಾಸಗಿ ಕಂಪನಿ ಲೆಕ್ಕಕ್ಕೆ ಹಿಡಿಯುವುದಿಲ್ಲ. ಮಣಿಪಾಲದ ಆರೋಗ್ಯ ಕಾರ್ಡಿನದು ಇನ್ನೊಂದು ಬಗೆ. ಕರಾವಳಿ, ಮಲೆನಾಡಿನ ಎಷ್ಟೋ ಮನೆಗಳಲ್ಲಿ ಅದನ್ನು ವಿಮೆಯೆಂದೇ ನಂಬಿದ್ದಾರೆ. ಅದು ಸಮಾಲೋಚನೆ, ಪರೀಕ್ಷೆ, ದಾಖಲಾತಿಯ ಖರ್ಚಿನಲ್ಲಿ ರಿಯಾಯಿತಿ ಕೊಡುವ ಕಾರ್ಡು. ಉಪಯುಕ್ತವೇ ಹೌದು, ಆದರೆ ಎರಡು ಲಕ್ಷದ ಬಿಲ್ಲನ್ನು ಅದು ಕಟ್ಟಿಕೊಡುವುದಿಲ್ಲ. ಬ್ಯಾಂಕು ತನ್ನ ಖಾತೆದಾರರಿಗೆ ಮಾಡಿಸುವ ಗುಂಪು ವಿಮೆ, ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಮಗನ ಅಥವಾ ಮಗಳ ಕಂಪನಿ ಊರಿನ ಅಪ್ಪ ಅಮ್ಮನಿಗೂ ಸೇರಿಸಿ ಕೊಡುವ ವಿಮೆ ಪೋರ್ಟ್ ಆಗುವವು ಮತ್ತು ಆಗದವುಗಳ ನಡುವಿನವು. ನೌಕರಿ ಬಿಟ್ಟ ದಿನ, ಅಥವಾ ಬ್ಯಾಂಕು–ಕಂಪನಿ ಒಪ್ಪಂದ ಮುರಿದ ದಿನ ರಕ್ಷಣೆ ನಿಲ್ಲುತ್ತದೆ. ಅಂಥವರು ಮೊದಲು ಅದೇ ವಿಮಾ ಕಂಪನಿಯ ವೈಯಕ್ತಿಕ ಪಾಲಿಸಿಗೆ ವರ್ಗಾವಣೆ ಕೇಳಬಹುದು, ಅಲ್ಲಿಂದ ಮುಂದೆ ಬೇರೆ ಕಂಪನಿಗೆ ಹೋಗಬಹುದು. ಎಪ್ಪತ್ತು ದಾಟಿದ ತಂದೆ ತಾಯಿಯ ಮಟ್ಟಿಗೆ ಇದು ದೊಡ್ಡ ಸೌಲಭ್ಯ. ರಾಜೀನಾಮೆ ಕೊಡುವಾಗ ಇದನ್ನು ನೆನಪಿಸಿಕೊಳ್ಳುವವರು ಮಾತ್ರ ಕಡಿಮೆ.

ಇನ್ನು ಉಳಿಯುವುದು ಮನೆಯವರೇ ಕಂತು ಕಟ್ಟುವ ಖಾಸಗಿ ಅಥವಾ ಸಾರ್ವಜನಿಕ ಕಂಪನಿಯ ಪಾಲಿಸಿ. ಹೋಲಿಕೆಯೆಲ್ಲ ಇಲ್ಲಿಯದು. ಏಜೆಂಟರೂ ಜಾಹೀರಾತೂ ಅದನ್ನು ಕಂತಿನ ಮೊತ್ತದಿಂದ ಆರಂಭಿಸುತ್ತಾರೆ. ಈ ಮೂರು ತಾಲೂಕುಗಳವರು ಆರಂಭಿಸಬೇಕಾದದ್ದು ಆಂಬುಲೆನ್ಸ್ ಯಾವ ದಿಕ್ಕಿಗೆ ಹೋಗುತ್ತದೆ ಎಂಬಲ್ಲಿಂದ. ಹೃದಯದ ತೊಂದರೆ, ತಲೆಗೆ ಪೆಟ್ಟು, ಕ್ಯಾನ್ಸರ್ ಎಂದರೆ ಯಲ್ಲಾಪುರದವರು ಸುಮಾರು 70 ಕಿ.ಮೀ. ದೂರದ ಹುಬ್ಬಳ್ಳಿಗೆ, ಶಿರಸಿಯವರು ನೂರು ಕಿ.ಮೀ. ಆಚೆಯ ಅದೇ ಹುಬ್ಬಳ್ಳಿ–ಧಾರವಾಡಕ್ಕೆ ಅಥವಾ ಘಟ್ಟ ಇಳಿದು ಮಣಿಪಾಲಕ್ಕೆ, ಸಿದ್ದಾಪುರದವರು ಸಾಗರದ ಮೇಲೆ ಶಿವಮೊಗ್ಗಕ್ಕೆ ಓಡುವುದು ರೂಢಿ. ತಮ್ಮ ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂಬ ಹಳೆಯ ಕೂಗು 2022ರಲ್ಲಿ ಜೋರಾಗಿ ಎದ್ದಿದ್ದು ಇದೇ ಓಡಾಟದ ಬೇಸರದಿಂದ. ಕಂಪನಿಯೊಂದು ದೇಶದಲ್ಲಿ ಹತ್ತು ಸಾವಿರ ಆಸ್ಪತ್ರೆಗಳ ಜೊತೆ ಒಪ್ಪಂದವಿದೆ ಎಂದರೆ ಇಲ್ಲಿಯವರಿಗೆ ಅದರಿಂದ ಆಗಬೇಕಾದದ್ದೇನೂ ಇಲ್ಲ. ಹುಬ್ಬಳ್ಳಿ, ಮಣಿಪಾಲ, ಶಿವಮೊಗ್ಗಗಳಲ್ಲಿ ತಾವು ನಂಬಿ ಹೋಗುವ ಎರಡು ಮೂರು ಆಸ್ಪತ್ರೆ, ಶಿರಸಿ ಪೇಟೆಯ ಒಂದೆರಡು, ಇಷ್ಟು ಪಟ್ಟಿಯಲ್ಲಿವೆಯೇ ಎಂದು ನೋಡಿದರೆ ಸಾಕು. ಆಸ್ಪತ್ರೆಯ ವಿಮಾ ಕೌಂಟರಿಗೇ ಫೋನ್ ಮಾಡಿ ಕೇಳುವುದು ಒಳ್ಳೆಯದು. ಒಪ್ಪಂದಗಳು ಮುರಿಯುತ್ತಿರುತ್ತವೆ, ಪಟ್ಟಿ ತಡವಾಗಿ ಬದಲಾಗುತ್ತದೆ.

ಪಟ್ಟಿಯಲ್ಲಿಲ್ಲದ ಆಸ್ಪತ್ರೆಯಲ್ಲೂ ನಗದುರಹಿತ ಚಿಕಿತ್ಸೆ ಸಿಗಲೆಂದು ವಿಮಾ ಕಂಪನಿಗಳ ಒಕ್ಕೂಟ 2024ರ ಜನವರಿಯಲ್ಲಿ ಒಂದು ವ್ಯವಸ್ಥೆ ತಂದಿದೆ. ಮೊದಲೇ ಗೊತ್ತಿರುವ ಶಸ್ತ್ರಚಿಕಿತ್ಸೆಗೆ 48 ಗಂಟೆ ಮುಂಚೆ, ತುರ್ತಿನಲ್ಲಿ ದಾಖಲಾದ 48 ಗಂಟೆಯೊಳಗೆ ಕಂಪನಿಗೆ ತಿಳಿಸಬೇಕು. ಆದರೆ ಆಸ್ಪತ್ರೆಗೆ 15 ಹಾಸಿಗೆ ಇರಬೇಕು, ಕಂಪನಿ ಒಪ್ಪಲೂ ಬೇಕು. ಪೇಟೆಯ ಸಣ್ಣ ನರ್ಸಿಂಗ್ ಹೋಂಗಳಿಗೆ ಇದು ಒದಗುವುದು ಕಷ್ಟ. ಬಿಲ್ ಕಟ್ಟಿ ಆಮೇಲೆ ಹಣ ಪಡೆಯುವುದಕ್ಕೂ ಒಂದು ಮಿತಿ ಇದೆ: ಹತ್ತು ಲಕ್ಷಕ್ಕಿಂತ ಕಡಿಮೆ ಜನಸಂಖ್ಯೆಯ ಊರಿನಲ್ಲಿ ಕನಿಷ್ಠ 10 ಹಾಸಿಗೆ, ದಿನವಿಡೀ ದಾದಿಯರು ಮತ್ತು ವೈದ್ಯರು, ಸ್ವಂತ ಶಸ್ತ್ರಚಿಕಿತ್ಸಾ ಕೊಠಡಿ ಇದ್ದರೆ ಮಾತ್ರ ಪಾಲಿಸಿಯ ಕಣ್ಣಿಗೆ ಅದು ಆಸ್ಪತ್ರೆ. ಸ್ಥಳೀಯ ಆಡಳಿತದಲ್ಲಿ ಆಸ್ಪತ್ರೆಯೆಂದು ನೋಂದಣಿಯಾಗಿದ್ದರೂ ನಡೆಯುತ್ತದೆ.

ಊರಿನ ಪ್ರಶ್ನೆ ಇನ್ನೊಂದು ಕಡೆಯಿಂದಲೂ ಕಾಡುತ್ತದೆ. ಕೆಲವು ಕಂಪನಿಗಳು ದೇಶವನ್ನು ವಲಯಗಳಾಗಿ ಹಂಚಿ, ಮಹಾನಗರದವರಿಗೆ ಹೆಚ್ಚು, ಶಿರಸಿಯಂಥ ಊರಿನವರಿಗೆ ಕಡಿಮೆ ಕಂತು ಹಾಕುತ್ತವೆ. ಕಡಿಮೆ ವಲಯದ ಕಂತು ಕಟ್ಟಿದವರು ಮೇಲಿನ ವಲಯದ ನಗರದಲ್ಲಿ ಚಿಕಿತ್ಸೆ ಪಡೆದರೆ ಬಿಲ್ಲಿನ ಒಂದು ಪಾಲನ್ನು ಅವರೇ ಕೊಡಬೇಕೆಂಬ ಷರತ್ತು ಇಂಥ ಕೆಲವು ಪಾಲಿಸಿಗಳಲ್ಲಿದೆ. ಮಕ್ಕಳು ಬೆಂಗಳೂರಿನಲ್ಲಿದ್ದು, ಕಾಯಿಲೆ ಬಂದರೆ ಅಲ್ಲಿಗೇ ಕರೆದೊಯ್ಯುವ ಮನೆಗಳು ಈ ಭಾಗದಲ್ಲಿ ಕಡಿಮೆಯಿಲ್ಲ. ಅವರ ಪಾಲಿಗೆ ಅಗ್ಗದ ಕಂತು ಅಗ್ಗವಲ್ಲ.

ಪಾಲಿಸಿಯ ಸಣ್ಣಕ್ಷರಗಳಲ್ಲಿ ಜನರಿಗೆ ಅತಿ ಹೆಚ್ಚು ಪೆಟ್ಟು ಕೊಡುವುದು ರೂಮಿನ ಬಾಡಿಗೆಯ ಮಿತಿ. ಒಂದು ಉದಾಹರಣೆಯಲ್ಲಿ ಲೆಕ್ಕ ಹಾಕಬಹುದು. 3 ಲಕ್ಷದ ಪಾಲಿಸಿಯಲ್ಲಿ ದಿನದ ಬಾಡಿಗೆ ಶೇ 1ರ ಮಿತಿಯಲ್ಲಿದೆ, ಅಂದರೆ 3,000 ರೂಪಾಯಿ. ರೋಗಿ 6,000ದ ರೂಮಿನಲ್ಲಿ ಐದು ದಿನ ಇದ್ದರು. ಬಾಡಿಗೆ 30,000, ವೈದ್ಯರ ಶುಲ್ಕ, ಶಸ್ತ್ರಚಿಕಿತ್ಸಾ ಕೊಠಡಿ ಮತ್ತು ಶುಶ್ರೂಷೆಗೆ 90,000, ಔಷಧ, ಪರೀಕ್ಷೆ ಮತ್ತು ದೇಹದೊಳಗೆ ಕೂರಿಸಿದ ಸಾಧನಕ್ಕೆ 60,000, ಒಟ್ಟು 1,80,000. ಹೆಚ್ಚಿನ ಬಾಡಿಗೆ 15,000 ಕೈಯಿಂದ ಕೊಟ್ಟರೆ ಮುಗಿಯಿತು ಎಂದು ಮನೆಯವರ ಅಂದಾಜು. ಆದರೆ ರೂಮು ದುಪ್ಪಟ್ಟಾದ್ದರಿಂದ ಅದಕ್ಕೆ ತಗುಲಿಕೊಂಡ 90,000ವನ್ನೂ ಕಂಪನಿ ಅರ್ಧಕ್ಕೆ ಇಳಿಸುತ್ತದೆ. ಔಷಧ, ಪರೀಕ್ಷೆ, ಸಾಧನಗಳನ್ನು ಹೀಗೆ ಕತ್ತರಿಸುವಂತಿಲ್ಲ. ಕೊನೆಗೆ ಕಂಪನಿ ಕೊಡುವುದು 1,20,000, ಮನೆಯವರು ಹೊಂದಿಸಬೇಕಾದದ್ದು 60,000. ಎರಡು ಪಾಲಿಸಿಗಳ ಕಂತಿನಲ್ಲಿ ವರ್ಷಕ್ಕೆ ಎರಡು ಸಾವಿರದ ವ್ಯತ್ಯಾಸವಿದ್ದು, ಹೆಚ್ಚಿನದಕ್ಕೆ ರೂಮಿನ ಮಿತಿ ಇಲ್ಲದಿದ್ದರೆ ಆಯ್ಕೆ ಕಷ್ಟವೇನಲ್ಲ. ಎಲ್ಲ ಕಂಪನಿಗಳೂ ಒಂದೇ ನಮೂನೆಯಲ್ಲಿ ಮಾರಲೆಂದು 2020ರಲ್ಲಿ ಬಂದ ‘ಆರೋಗ್ಯ ಸಂಜೀವಿನಿ’ ಪಾಲಿಸಿಯಲ್ಲೂ ರೂಮಿಗೆ ವಿಮಾ ಮೊತ್ತದ ಶೇ 2, ಗರಿಷ್ಠ 5,000 ರೂಪಾಯಿ ಎಂಬ ಮಿತಿ ಇದೆ. ಜೊತೆಗೆ ಪ್ರತಿ ಬಿಲ್ಲಿನ ಶೇ 5ನ್ನು ವಿಮೆದಾರರೇ ಕೊಡಬೇಕು.

ರೋಗಿಯೇ ಕೊಡಬೇಕಾದ ಈ ಬಗೆಯ ಪಾಲು ವೃದ್ಧರ ಪಾಲಿಸಿಗಳಲ್ಲಿ ಇನ್ನೂ ಹೆಚ್ಚಿರುತ್ತದೆ. ಕಣ್ಣಿನ ಪೊರೆಗೆ ಇಷ್ಟೇ, ಮಂಡಿಗೆ ಇಷ್ಟೇ ಎಂಬ ಒಳಮಿತಿಗಳು, ಕೈಗವಸು, ಸಿರಿಂಜಿನಂಥ ಸಾಮಗ್ರಿಗೆ ಹಣ ಉಂಟೋ ಇಲ್ಲವೋ ಎಂಬುದು ಎರಡೂ ಪಾಲಿಸಿಗಳನ್ನು ಪಕ್ಕದಲ್ಲಿಟ್ಟು ನೋಡಿದಾಗಲೇ ಕಾಣುವುದು.

ಸ್ಥಳೀಯವಾಗಿ ಮುಖ್ಯವಾದ ಎರಡು ಮೂರು ಸಂಗತಿಗಳು ಬೇರೆ ಊರಿನವರ ಪಟ್ಟಿಯಲ್ಲಿ ಇರುವುದಿಲ್ಲ. ಕೊನೆಕೊಯ್ಲಿಗೋ, ಮಳೆಗಾಲದಲ್ಲಿ ಮದ್ದು ಹೊಡೆಯಲಿಕ್ಕೋ ಅಡಕೆ ಮರ ಏರಿದವರು ಬಿದ್ದರೆ ಅದು ಅಪಘಾತ, ಮೊದಲ 30 ದಿನದ ತಡೆ ಅದಕ್ಕಿಲ್ಲ. ಆದರೆ ಆರೋಗ್ಯ ವಿಮೆ ಆಸ್ಪತ್ರೆಯ ಬಿಲ್ಲಿಗಷ್ಟೇ. ಬೆನ್ನುಮೂಳೆ ಮುರಿದು ದುಡಿಮೆ ನಿಂತರೆ ನೆರವಾಗುವುದು ಅಪಘಾತ ವಿಮೆ, ಅದನ್ನು ಬೇರೆಯಾಗಿಯೇ ಮಾಡಿಸಬೇಕು. ಸಿದ್ದಾಪುರದ ಕಾಡಂಚಿನ ಊರುಗಳಲ್ಲಿ 2024ರಲ್ಲಿ ಹಬ್ಬಿದ ಮಂಗನ ಕಾಯಿಲೆಯಂಥ ಸೋಂಕಿಗೆ 30 ದಿನದ ತಡೆ ಅನ್ವಯಿಸುತ್ತದೆ. ಆದ್ದರಿಂದ ಕಾಯಿಲೆಯ ಹಂಗಾಮು ಶುರುವಾದ ಮೇಲೆ ಅವಸರದಲ್ಲಿ ಕೊಂಡ ಪಾಲಿಸಿ ಕೈಗೆ ಬರುವುದು ತಡವಾಗಿ. ಪೋರ್ಟ್ ಮಾಡಿದವರಿಗೆ ಈ ಕಾಟವಿಲ್ಲ. ಆಯುರ್ವೇದಕ್ಕೆ 2024ರ ಏಪ್ರಿಲ್‌ನಿಂದ ಅಲೋಪತಿಯಷ್ಟೇ ರಕ್ಷಣೆ ಕೊಡಬೇಕೆಂದು ಪ್ರಾಧಿಕಾರ ಹೇಳಿದೆ. ಇಲ್ಲಿನ ಅನೇಕರಿಗೆ ಇದು ಸಿಹಿ ಸುದ್ದಿಯೇ. ಕಾಯಿಲೆಯ ಚಿಕಿತ್ಸೆಗಾಗಿ ಮಾನ್ಯತೆಯಿರುವ ಆಯುರ್ವೇದ ಆಸ್ಪತ್ರೆಯಲ್ಲಿ ದಾಖಲಾಗಬೇಕು ಎಂಬುದು ಅದರ ಷರತ್ತು. ಮೈ ಹಗುರಾಗಲೆಂದು ಮಾಡಿಸಿಕೊಂಡ ಪಂಚಕರ್ಮಕ್ಕೂ ಮನೆಮದ್ದಿಗೂ ಯಾವ ಕಂಪನಿಯೂ ಹಣ ಕೊಡುವುದಿಲ್ಲ.

ಕಂತಿನ ಮಾತಿಗೆ ಬಂದರೆ, 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಮತ್ತು ಕುಟುಂಬದ ಆರೋಗ್ಯ ಪಾಲಿಸಿಗಳ ಮೇಲಿದ್ದ ಶೇ 18ರ ಜಿಎಸ್‌ಟಿ ಇಲ್ಲ. ಹಳೆಯ ರಸೀದಿಯನ್ನು ಹೊಸ ಕಂಪನಿಯ ದರದ ಪಕ್ಕ ಇಟ್ಟು ‘ಎಷ್ಟು ಕಡಿಮೆ’ ಎನ್ನುವವರು ಹಳೆಯದರಲ್ಲಿದ್ದ ತೆರಿಗೆಯನ್ನು ಮೊದಲು ಕಳೆಯಬೇಕು. ಇಡೀ ಕುಟುಂಬಕ್ಕೆ ಒಂದೇ ಮೊತ್ತದ ಪಾಲಿಸಿಯಲ್ಲಿ ಕಂತು ಏರುವುದು ಅತಿ ಹಿರಿಯ ಸದಸ್ಯರ ವಯಸ್ಸಿನ ಮೇಲೆ. ಅಪ್ಪ ಅಮ್ಮನನ್ನು ಬೇರೆ ಪಾಲಿಸಿಗೆ ಹಾಕಿದರೆ ಒಟ್ಟು ಖರ್ಚು ಎಷ್ಟೋ ಸಲ ಇಳಿಯುತ್ತದೆ. ಅರವತ್ತು ದಾಟಿದವರ ಕಂತನ್ನು ಒಂದು ವರ್ಷದಲ್ಲಿ ಶೇ 10ಕ್ಕಿಂತ ಹೆಚ್ಚು ಏರಿಸಬೇಕಾದರೆ ಕಂಪನಿ ಮೊದಲೇ ಪ್ರಾಧಿಕಾರದ ಜೊತೆ ಸಮಾಲೋಚಿಸಬೇಕು ಎಂಬ ನಿಯಮ 2025ರ ಜನವರಿಯಲ್ಲಿ ಬಂದಿದೆ. ಮೊದಲ ವರ್ಷದ ಆಕರ್ಷಕ ದರಕ್ಕೆ ಮರುಳಾಗುವ ಬದಲು ಅದೇ ಪಾಲಿಸಿಯಲ್ಲಿ ಇನ್ನು ಹತ್ತು ವರ್ಷ ದೊಡ್ಡವರು ಈಗ ಎಷ್ಟು ಕಟ್ಟುತ್ತಿದ್ದಾರೆ ಎಂದು ಕೇಳಿ ನೋಡುವುದು ಲೇಸು. ದರಪಟ್ಟಿ ಗುಟ್ಟಿನದೇನೂ ಅಲ್ಲ.

ಇಷ್ಟೆಲ್ಲ ನೋಡಿ ಬದಲಿಸುವುದೇ ಸರಿ ಎನ್ನಿಸಿದರೆ ನವೀಕರಣದ ದಿನಾಂಕವೇ ಗಡಿಯಾರ. ಅರ್ಜಿಯನ್ನು ಆ ದಿನಕ್ಕೆ 60 ದಿನದೊಳಗೆ, ಆದರೆ ಕನಿಷ್ಠ 45 ದಿನ ಇರುವಾಗ ಹಾಕಬೇಕೆಂದು ಪಾಲಿಸಿಗಳಲ್ಲಿ ಬರೆದಿರುತ್ತದೆ. ಅಂದರೆ ಸಿಗುವ ಅವಕಾಶ ಎರಡು ವಾರದ್ದು. ಹೊಸ ಕಂಪನಿ ಕೇಳಿದ ಮಾಹಿತಿಯನ್ನು ಹಳೆಯ ಕಂಪನಿ 72 ಗಂಟೆಯೊಳಗೆ ಕೊಡಬೇಕು, ಆ ಬಳಿಕ ಐದು ದಿನದಲ್ಲಿ ಹೊಸ ಕಂಪನಿ ತೀರ್ಮಾನ ಹೇಳಬೇಕು ಎಂಬುದು 2024ರ ನಿಯಮ. ಪೋರ್ಟಿಗೆ ಪ್ರತ್ಯೇಕ ಶುಲ್ಕವಿಲ್ಲ.

ಅರ್ಜಿಯಲ್ಲಿ ಕಾಯಿಲೆಗಳ ವಿವರವನ್ನು ಹೊಸದಾಗಿ, ಪೂರ್ತಿಯಾಗಿ ಬರೆಯಬೇಕು. ‘ಶುಗರ್ ಬರೆಯಬೇಡಿ, ಕಂತು ಏರುತ್ತದೆ’ ಎಂಬ ಸಲಹೆ ಕೊಟ್ಟವರು ಕ್ಲೇಮು ತಿರಸ್ಕಾರವಾದ ದಿನ ಫೋನ್ ಎತ್ತುವುದಿಲ್ಲ. ಸತತ 60 ತಿಂಗಳು ಪಾಲಿಸಿ ನಡೆದ ಮೇಲೆ ವಂಚನೆ ಸಾಬೀತಾಗದ ಹೊರತು ಮುಚ್ಚಿಟ್ಟ ಕಾರಣಕ್ಕೆ ಕ್ಲೇಮು ತಳ್ಳಿಹಾಕುವಂತಿಲ್ಲ. ಹಳೆಯ ಪಾಲಿಸಿಯ ತಿಂಗಳುಗಳೂ ಆ ಅರವತ್ತರಲ್ಲಿ ಸೇರುತ್ತವೆ. ಮೊತ್ತದ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಹಳೆಯದು 3 ಲಕ್ಷ, ಕ್ಲೇಮು ಮಾಡದ್ದಕ್ಕೆ ಕೂಡಿದ ಬೋನಸ್ 1 ಲಕ್ಷ ಇದ್ದವರು ಹೊಸದಾಗಿ 10 ಲಕ್ಷದ್ದು ಕೊಂಡರೆ, ಕಾದ ವರ್ಷಗಳ ಲಾಭ ಹೆಚ್ಚೆಂದರೆ ಆ 4 ಲಕ್ಷಕ್ಕೆ ಸಿಗುತ್ತದೆ. ಉಳಿದ 6 ಲಕ್ಷಕ್ಕೆ ಕಾಯುವ ಅವಧಿ ಮೊದಲಿನಿಂದ ಶುರು.

ಹೊಸ ಕಂಪನಿಯ ಒಪ್ಪಿಗೆ ಬರಹದಲ್ಲಿ ಕೈಸೇರುವ ತನಕ ಹಳೆಯ ಪಾಲಿಸಿಯನ್ನು ಬಿಡಬಾರದು. ಹೊಸಬರು ಬೇಡವೆಂದರೆ ಹಳೆಯದನ್ನೇ ನವೀಕರಿಸಬಹುದು, ವಾರ್ಷಿಕ ಕಂತಿಗೆ ಅವಧಿ ಮುಗಿದ ಮೇಲೂ 30 ದಿನದ ರಿಯಾಯಿತಿ ಕಾಲವಿದೆ. ಪಾಲಿಸಿ ಓದಿ ನೋಡಿ 30 ದಿನದೊಳಗೆ ವಾಪಸು ಮಾಡುವ ಅವಕಾಶ ಹೊಸದಾಗಿ ಕೊಂಡವರಿಗೆ ಉಂಟು, ಪೋರ್ಟ್ ಆಗಿ ಬಂದ ಪಾಲಿಸಿಗೆ ಸಾಮಾನ್ಯವಾಗಿ ಅದು ಸಿಗುವುದಿಲ್ಲ. ಕಾಯುವ ಅವಧಿಯ ಲಾಭವನ್ನು ಪಾಲಿಸಿಯ ಮೊದಲ ಪುಟಗಳಲ್ಲಿ, ಮೊದಲ ಪಾಲಿಸಿಯ ದಿನಾಂಕದ ಸಹಿತ ನಮೂದಿಸಿರುತ್ತಾರೆ. ಅದು ಅಲ್ಲಿಲ್ಲದಿದ್ದರೆ ಆಗಲೇ ತಿದ್ದಿಸಿಕೊಳ್ಳಬೇಕು. ಕಂಪನಿಗೆ ಕೊಟ್ಟ ಲಿಖಿತ ದೂರಿಗೆ ಒಂದು ತಿಂಗಳಲ್ಲಿ ಸರಿಯಾದ ಉತ್ತರ ಬಾರದಿದ್ದರೆ ಕರ್ನಾಟಕದವರು ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ಬರೆಯಬಹುದು. ಶುಲ್ಕವಿಲ್ಲ, ವಕೀಲರು ಬೇಕಿಲ್ಲ, 50 ಲಕ್ಷ ರೂಪಾಯಿವರೆಗಿನ ತಕರಾರು ಅಲ್ಲಿ ಇತ್ಯರ್ಥವಾಗುತ್ತದೆ.