ಹುಲ್ಲುಹಾಸಿನ ಹುಳುಗಳು: ವಿಷವಿಲ್ಲದೆ ನಿವಾರಣೆ

ಮಹಾನಗರಗಳಲ್ಲಿ ನೆಲೆ ಕಂಡುಕೊಂಡ ನಮ್ಮಂಥವರಿಗೆ ಅಂಗಳವೆಂಬುದು ಊರಿನಲ್ಲಿಯೇ ಉಳಿದುಹೋದ ವಸ್ತು. ಹಲವು ಕುಟುಂಬಗಳಿಗೆ ಸೇರಿ ಒಂದೇ ಒಂದು ಹುಲ್ಲುಹಾಸು ಇದ್ದರೆ ಅದೇ ದೊಡ್ಡ ಭಾಗ್ಯ. ಮುಂಜಾನೆ ಹಿರಿಯರು ಅದರ ಮೇಲೆ ಬರಿಗಾಲಿನಲ್ಲಿ ನಡೆಯುತ್ತಾರೆ. ಸಂಜೆ ಮಕ್ಕಳು ಹೊರಳಾಡುತ್ತಾರೆ. ಚೌತಿಯ ದಿನ ಪೂಜೆಗೆ ಬೇಕಾದ ಗರಿಕೆಯನ್ನೂ ಅಲ್ಲಿಂದಲೇ ಕೊಯ್ಯುತ್ತೇವೆ. ಆದುದರಿಂದ ಆ ಹುಲ್ಲಿಗೆ ಎರಚಿದ ವಿಷವು ಕಾಲಿಗೆ, ಕೈಗೆ ಅಂಟಿ ನಮ್ಮ ಮನೆಯೊಳಗೂ ಬರುತ್ತದೆ ಎಂಬುದನ್ನು ಮರೆಯಲಾಗದು.

ಪುಣೆಯಲ್ಲಿ ನಾವಿರುವ ವಸತಿ ಸಂಕೀರ್ಣದಲ್ಲಿ ಕೆಲವು ವರ್ಷಗಳ ಹಿಂದೆ, ಸೆಪ್ಟೆಂಬರ್ ತಿಂಗಳಿನಲ್ಲಿ, ಹುಲ್ಲು ಅಲ್ಲಲ್ಲಿ ಹಳದಿಯಾಗತೊಡಗಿತು. ನೀರು ಹೆಚ್ಚಿಸಿದರೂ ಫಲ ಕಾಣಲಿಲ್ಲ. ಕೀಟನಾಶಕ ತರಿಸಲಾಯಿತು. ಸಂಘದ ಲೆಕ್ಕಪತ್ರ ನನ್ನ ಪಾಲಿಗಿದ್ದುದರಿಂದ ಅದರ ಬಿಲ್ಲಿಗೆ ಸಹಿ ಹಾಕಿದವನು ನಾನೇ. ತೋಟದ ಮಾಳಿಮಾಮಾ ಅದನ್ನು ಬರಿಗೈಯಲ್ಲಿ ಕಲಸಿ ಸಿಂಪಡಿಸಿದರು. ಅನಂತರ ತಲೆಸುತ್ತು, ವಾಂತಿಯಿಂದ ಎರಡು ದಿನ ಮಲಗಿದರು. ಹುಲ್ಲು ಮಾತ್ರ ಇನ್ನಷ್ಟು ಒಣಗಿತು. ಎರಡನೆಯ ಬಿಲ್ಲು ಬಂದಾಗ, “ಇದು ಯಾವ ಹುಳುವಿಗೆ?” ಎಂದು ಕೇಳಿದೆ. ಸಮಿತಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಮೊದಲ ಬಿಲ್ಲಿಗೇ ಕೇಳಬೇಕಾಗಿದ್ದ ಪ್ರಶ್ನೆಯದು.

ಉತ್ತರ ಕೊಟ್ಟವರು ಮಾಳಿಮಾಮಾ. ಹಳದಿಯಾದ ಜಾಗದಲ್ಲಿ ಹುಲ್ಲನ್ನು ಹಿಡಿದೆಳೆದರು. ಅದು ಚಾಪೆಯಂತೆ ಸುರುಳಿಯಾಗಿ ಎದ್ದುಬಂದಿತು. ಕೆಳಗಿನ ಮಣ್ಣಿನಲ್ಲಿ ಕಂದು ತಲೆಯ, ಬಾಗಿದ ಮೈಯ ದಪ್ಪ ಬಿಳಿ ಹುಳುಗಳು. “ಹುಮಣಿ, ಸಾಹೇಬ್,” ಎಂದರು. ಬೆಳಗಾವಿಯ ಕಡೆ ಕಬ್ಬು ಬೆಳೆಯುವ ನಮ್ಮವರು ಗೊಣ್ಣೆ ಹುಳು ಎಂದು ಕರೆಯುವುದು ಇದನ್ನೇ.

ರೋಗನಿರ್ಣಯ ಮೊದಲು

ವೈದ್ಯರು ಪರೀಕ್ಷಿಸದೆ ಔಷಧ ಬರೆಯುವುದಿಲ್ಲ. ಹುಲ್ಲಿನ ವಿಷಯದಲ್ಲಿಯೂ ಅದೇ ಕ್ರಮ ಸಲ್ಲುತ್ತದೆ. ಒಂದು ಅಡಿ ಉದ್ದಗಲದ ಹುಲ್ಲನ್ನು ಮೂರಂಗುಲ ಆಳಕ್ಕೆ ಕತ್ತರಿಸಿ ಎತ್ತಿ ಎಣಿಸಬೇಕು. ನಾಲ್ಕೈದು ಗೊಣ್ಣೆ ಹುಳುಗಳಿದ್ದರೆ ಆರೋಗ್ಯವಂತ ಹುಲ್ಲು ತಾನೇ ತಾಳಿಕೊಳ್ಳುತ್ತದೆ. ಹತ್ತರ ಸಮೀಪ ಬಂದರೆ ಕ್ರಮ ಅಗತ್ಯ. ನಮ್ಮಲ್ಲಿ 11 ಇದ್ದವು. ಎಲೆಯನ್ನು ತಿನ್ನುವ ಕಂಬಳಿಹುಳುಗಳ ಸಂಶಯವಿದ್ದರೆ ನಾಲ್ಕು ಲೀಟರ್ ನೀರಿಗೆ ಎರಡು ಚಮಚ ಪಾತ್ರೆ ತೊಳೆಯುವ ಸೋಪಿನ ದ್ರಾವಣ ಬೆರೆಸಿ, ಒಂದು ಚದರ ಮೀಟರಿನಷ್ಟು ಹುಲ್ಲಿನ ಮೇಲೆ ಸುರಿಯಬೇಕು. ಅಡಗಿದ ಹುಳುಗಳು ಕೆಲವೇ ನಿಮಿಷಗಳಲ್ಲಿ ಮೇಲೆ ಬರುತ್ತವೆ. ಕೈಯಿಂದ ಆರಿಸಿ ತೆಗೆಯಬಹುದು. ಗೊಣ್ಣೆ ಹುಳು ಮಾತ್ರ ಈ ಉಪಾಯಕ್ಕೆ ಮಣಿಯದು. ಬೇರು ಚೆನ್ನಾಗಿದ್ದು ಹುಳುವೇ ಇಲ್ಲದಿದ್ದರೆ ದೋಷ ನೀರಿನದೋ ಶಿಲೀಂಧ್ರದ್ದೋ ಇರಬೇಕು. ಆಗ ಕೀಟನಾಶಕದಿಂದ ಆಗುವ ಪ್ರಯೋಜನವಾದರೂ ಏನು?

ವೈರಿಯ ಪಂಚಾಂಗ

ಗೊಣ್ಣೆ ಹುಳು ಒಂದು ಬಗೆಯ ಕಂದು ದುಂಬಿಯ ಮರಿ. ಮೇ–ಜೂನ್ ತಿಂಗಳುಗಳಲ್ಲಿ ಮೊದಲ ಮಳೆ ಬಿದ್ದ ಸಂಜೆ ದುಂಬಿಗಳು ಮಣ್ಣಿನಿಂದ ಹೊರಬಂದು ಬೇವು, ಜಾಲಿ ಮೊದಲಾದ ಮರಗಳಿಗೆ ಹಾರಿ ಎಲೆ ತಿನ್ನುತ್ತವೆ. ಬೆಳಗಾಗುವುದರೊಳಗೆ ಮಣ್ಣಿಗೆ ಮರಳಿ, ಅಲ್ಲಿಯೇ ಮೊಟ್ಟೆಯಿಡುತ್ತವೆ. ಮರಿಗಳು ಮಳೆಗಾಲವಿಡೀ ಬೇರು ತಿಂದು ಬೆಳೆಯುತ್ತವೆ. ಹುಲ್ಲು ಹಳದಿಯಾಗಿ ನಮ್ಮ ಕಣ್ಣಿಗೆ ಬೀಳುವ ಹೊತ್ತಿಗೆ ಹುಳು ಕೊಬ್ಬಿರುತ್ತದೆ. ಔಷಧಕ್ಕೆ ಬಗ್ಗುವ ವಯಸ್ಸು ಮೀರಿರುತ್ತದೆ. ಸೆಪ್ಟೆಂಬರಿನಲ್ಲಿ ನಾವು ಸುರಿದ ವಿಷ ವ್ಯರ್ಥವಾದುದಕ್ಕೆ ಕಾರಣ ಇದೇ.

ಈ ಪಂಚಾಂಗವನ್ನು ಅರಿತವರಿಗೆ ಮೊದಲ ಮಳೆಯ ನಂತರದ ಕೆಲವು ಸಂಜೆಗಳೇ ಸುಮುಹೂರ್ತ. ಏಳರಿಂದ ಒಂಬತ್ತು ಗಂಟೆಯವರೆಗೆ ಬೇವಿನ ಕೊಂಬೆಗಳನ್ನು ಅಲುಗಾಡಿಸಿ, ಕೆಳಗೆ ಹಾಸಿದ ಬಟ್ಟೆಯ ಮೇಲೆ ಉದುರುವ ದುಂಬಿಗಳನ್ನು ಸೋಪಿನ ನೀರಿನ ಬಕೀಟಿಗೆ ಹಾಕಬೇಕು. ಹೆಣ್ಣು ದುಂಬಿಯೊಂದು ಹೋದರೆ ಅದರ ಸಂತತಿಯೆಲ್ಲ ಹೋದಂತೆ. ದುಂಬಿಗಳು ಬೆಳಕಿಗೆ ಆಕರ್ಷಿತವಾಗುವುದರಿಂದ ಆ ದಿನಗಳಲ್ಲಿ ಹುಲ್ಲಿನ ಮೇಲಿನ ಪ್ರಖರ ದೀಪಗಳನ್ನು ಆರಿಸುವುದು ಒಳಿತು. ಹಸಿ ಸೆಗಣಿ ಗೊಬ್ಬರವನ್ನು ಎಂದಿಗೂ ಹಾಕಕೂಡದು. ಅದು ದುಂಬಿಗಳಿಗೆ ಬಾಣಂತಿಕೋಣೆಯಿದ್ದಂತೆ. ಚೆನ್ನಾಗಿ ಕೊಳೆತ ಗೊಬ್ಬರವನ್ನೇ ಬಳಸಬೇಕು.

ಮಣ್ಣಿನೊಳಗಿನ ಮಿತ್ರರು

ಜೂನ್–ಜುಲೈನಲ್ಲಿ, ಮರಿಗಳು ಎಳೆಯವಾಗಿರುವಾಗ, ಮೆಟರೈಜಿಯಂ ಎಂಬ ಶಿಲೀಂಧ್ರವನ್ನು ಕೊಳೆತ ಗೊಬ್ಬರದೊಡನೆ ಬೆರೆಸಿ ತೇವದ ಹುಲ್ಲಿಗೆ ಹರಡಬಹುದು. 1879ರಲ್ಲಿ ರಷ್ಯಾದ ವಿಜ್ಞಾನಿ ಮೆಚ್ನಿಕಾಫ್ ಧಾನ್ಯದ ದುಂಬಿಗಳಲ್ಲಿ ಗುರುತಿಸಿದ ಶಿಲೀಂಧ್ರವಿದು. ಇದು ತಗುಲಿದ ಹುಳು ಸತ್ತು ಹಸಿರು ಬೂಷ್ಟು ಹಿಡಿಯುತ್ತದೆ. ಎರಡನೆಯ ಮಿತ್ರ, ಕಣ್ಣಿಗೆ ಕಾಣದಷ್ಟು ಸಣ್ಣ ಜಂತುಹುಳು. ಹೆಟೆರೋರ್ಹ್ಯಾಬ್ಡೈಟಿಸ್ ಇಂಡಿಕಾ ಎಂಬ ತಳಿಯನ್ನು ಕೊಯಮತ್ತೂರಿನ ಮಣ್ಣಿನಿಂದ ಪಡೆದು 1992ರಲ್ಲಿ ವಿಜ್ಞಾನಲೋಕಕ್ಕೆ ಪರಿಚಯಿಸಲಾಯಿತು. ಇದು ಗೊಣ್ಣೆ ಹುಳುವಿನ ದೇಹವನ್ನು ಹೊಕ್ಕು, ತನ್ನೊಡನಿರುವ ಬ್ಯಾಕ್ಟೀರಿಯಾವನ್ನು ಬಿಟ್ಟು, ಎರಡು ಮೂರು ದಿನಗಳಲ್ಲಿ ಅದನ್ನು ಕೊಲ್ಲುತ್ತದೆ. ಮನುಷ್ಯರಿಗಾಗಲಿ ಎರೆಹುಳುವಿಗಾಗಲಿ ಇದರಿಂದ ಅಪಾಯವಿಲ್ಲ. ಬೆಂಗಳೂರಿನ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಸಂಸ್ಥೆ ಇದನ್ನು ನೀರಿನಲ್ಲಿ ಕಲಸುವ ಪುಡಿಯಾಗಿ ರೂಪಿಸಿದೆ ಎಂಬುದು ನಮಗೆ ಹೆಮ್ಮೆಯ ಸಂಗತಿ. ಇವೆರಡೂ ಜೀವಂತ ವಸ್ತುಗಳು, ಬಿಸಿಲನ್ನು ತಾಳವು. ಸಂಜೆಯ ವೇಳೆ, ಒದ್ದೆ ಮಣ್ಣಿಗೇ ಹಾಕಬೇಕು.

ಬೇವಿನ ಎಲೆಯನ್ನೇ ತಿನ್ನುವ ದುಂಬಿಗೆ ಬೇವು ಔಷಧವಾದೀತೆ ಎಂದು ಕೇಳಬಹುದು. ಬೇವಿನ ಕೀಟನಿರೋಧಕ ಸತ್ವವು ಮುಖ್ಯವಾಗಿ ಬೀಜದಲ್ಲಿದೆ. ಎಲೆ ತಿನ್ನುವ ಕಂಬಳಿಹುಳುಗಳಿಗೆ 50 ಗ್ರಾಂ ಬೀಜದ ಪುಡಿಯನ್ನು ಒಂದು ಲೀಟರ್ ನೀರಿನಲ್ಲಿ ರಾತ್ರಿಯಿಡೀ ನೆನೆಸಿ, ಸೋಸಿ, ತುಸು ಸೋಪು ಬೆರೆಸಿ ಸಿಂಪಡಿಸಿದರೆ ಅವು ತಿನ್ನುವುದನ್ನೂ ಬೆಳೆಯುವುದನ್ನೂ ನಿಲ್ಲಿಸುತ್ತವೆ.

ಇನ್ನು ಗೊರವಂಕ, ಚಂದ್ರಮುಕುಟ, ಬೆಳ್ಳಕ್ಕಿ ಮತ್ತು ನೆಲಗಪ್ಪೆಗಳು ಸಂಬಳ ಕೇಳದ ಕಾವಲುಗಾರರು. ವಿಷವು ಮೊದಲು ಓಡಿಸುವುದು ಇವುಗಳನ್ನೇ. ಅಮೆರಿಕದ ಇಲಿನಾಯ್ ಪ್ರಾಂತದ ಶೆಲ್ಡನ್‌ನಲ್ಲಿ 1954ರಿಂದ ಜಪಾನಿ ದುಂಬಿಯ ಮೇಲೆ ಡೀಲ್ಡ್ರಿನ್ ಸುರಿದಾಗ ಹಕ್ಕಿಗಳೂ ಬೆಕ್ಕುಗಳೂ ಸತ್ತ ವೃತ್ತಾಂತವನ್ನು ರೇಚಲ್ ಕಾರ್ಸನ್ 1962ರ ತಮ್ಮ ‘ಸೈಲೆಂಟ್ ಸ್ಪ್ರಿಂಗ್’ ಗ್ರಂಥದಲ್ಲಿ ದಾಖಲಿಸಿದ್ದಾರೆ. ಗೊಣ್ಣೆ ಹುಳುವಿಗೆಂದು ನಮ್ಮ ದೇಶದಲ್ಲಿ ಬಹುಕಾಲ ಎರಚಿದ ಫೋರೇಟ್ ಹರಳುಗಳನ್ನು 2020ರ ಅಂತ್ಯದಲ್ಲಿ ಸಂಪೂರ್ಣ ನಿಷೇಧಿಸಲಾಯಿತು. ನಿನ್ನೆ ನಿರಪಾಯಕಾರಿ ಎನ್ನಿಸಿಕೊಂಡುದು ಇಂದು ನಿಷಿದ್ಧವಾಗುವ ಕ್ರಮವಿದು.

ಆ ವರ್ಷ ಎರಡನೆಯ ಬಿಲ್ಲಿಗೆ ನಾನು ಸಹಿ ಹಾಕಲಿಲ್ಲ. ಮುಂದಿನ ಜೂನ್‌ನಲ್ಲಿ ಬೇವಿನ ಮರದ ಕೆಳಗೆ ಹಳೆಯ ಪಂಚೆ ಹಾಸಿದೆವು. ಮಕ್ಕಳು ಟಾರ್ಚ್ ಹಿಡಿದರು, ಮಾಳಿಮಾಮಾ ಕೊಂಬೆ ಅಲುಗಿಸಿದರು. ಸೆಪ್ಟೆಂಬರಿನಲ್ಲಿ ಹುಲ್ಲೆತ್ತಿ ಎಣಿಸಿದಾಗ ಅಡಿಗೆ ಮೂರು ಹುಳುಗಳಿದ್ದವು. ಅವುಗಳನ್ನು ಗೊರವಂಕಗಳಿಗೇ ಬಿಟ್ಟೆವು. ಕೀಟನಾಶಕದ ಬಾಬಿನಲ್ಲಿ ಉಳಿದ ಹಣದಿಂದ ಮಾಳಿಮಾಮಾಗೆ ಕೈಗವಸು, ಗಟ್ಟಿ ಬೂಟು ಕೊಂಡೆವು. ಆ ಬಿಲ್ಲಿಗೆ ಸಹಿ ಹಾಕುವಾಗ ನನ್ನಲ್ಲಿ ಯಾವ ಪ್ರಶ್ನೆಯೂ ಇರಲಿಲ್ಲ.