ಸತೋಷಿ ಎಂಬ ಚಿಲ್ಲರೆ

ಸತೋಷಿ ಎಂದರೇನೆಂದು ಸದಸ್ಯರು ಕೇಳುತ್ತಿದ್ದಾರೆ. 1957ರವರೆಗೆ ರೂಪಾಯಿಗೆ 192 ಪೈ ಇದ್ದವು. ಆಮೇಲೆ 100 ಪೈಸೆ. ಕಂಪ್ಯೂಟರಿನಲ್ಲಷ್ಟೇ ಓಡಾಡುವ ಬಿಟ್‌ಕಾಯಿನ್ನಿಗಾದರೋ ಹತ್ತು ಕೋಟಿ ಪಾಲು. ಅಂಥ ಒಂದು ಪಾಲೇ ಸತೋಷಿ. 2008ರಲ್ಲಿ ಇದರ ಯೋಜನೆ ಪ್ರಕಟಿಸಿದ ಸತೋಷಿ ನಕಾಮೊಟೊ ಯಾರೆಂಬುದು ಇಂದಿಗೂ ಗುಟ್ಟು; ಹೆಸರು ಮಾತ್ರ ಚಿಲ್ಲರೆಗೆ ಅಂಟಿಕೊಂಡಿದೆ.

ಈಥರ್ ಎಂಬ ಇನ್ನೊಂದು ನಾಣ್ಯದ ಚಿಲ್ಲರೆ ‘ವೇ’. 1998ರಲ್ಲಿ ಇಂಥದೇ ಹಣವನ್ನು ಸೂಚಿಸಿದ್ದ ಗಣಕತಜ್ಞ ವೇ ದಾಯ್ ಅವರ ಹೆಸರದು. ಒಂದರ ಮುಂದೆ 18 ಸೊನ್ನೆ ಇಟ್ಟಷ್ಟು ವೇ ಸೇರಿದರೆ ಒಂದು ಈಥರ್! ನಮ್ಮ ಅಡಕತ್ತರಿಗೆ ಇಷ್ಟು ಸಣ್ಣ ಹೋಳು ದಕ್ಕದು.

ಯಾರಾದರೂ ‘ಒಂದು ಲಕ್ಷ ಸತೋಷಿ ಕೊಡುತ್ತೇವೆ’ ಎಂದರೆ, ಲಕ್ಷ ಎಂಬ ಮಾತಿಗೆ ಮರುಳಾಗದಿರಿ ಎಂದು ನಾವು ಕೋರುತ್ತೇವೆ. ಅದು ಬಿಟ್‌ಕಾಯಿನ್ನಿನ ಸಾವಿರದಲ್ಲೊಂದು ಭಾಗ. ಆ ದಿನದ ಧಾರಣೆಯನ್ನು ಸಾವಿರದಿಂದ ಭಾಗಿಸಿ ರೂಪಾಯಿ ಲೆಕ್ಕ ಹಾಕಿರಿ. ಮಾರಿ ಬಂದ ಲಾಭಕ್ಕೆ 2022ರಿಂದ ಶೇಕಡ 30 ಆದಾಯ ತೆರಿಗೆಯೂ ಉಂಟು.