ಪ್ರವೇಶ ದೊರೆತ ಮೇಲೆ

1878ರಲ್ಲಿ ಅಮೆರಿಕದ ಬಾಸ್ಟನ್ ನಗರದ ನ್ಯೂ ಇಂಗ್ಲೆಂಡ್ ಸ್ತ್ರೀ ಮತ್ತು ಶಿಶು ಆಸ್ಪತ್ರೆಯ ದಾದಿಯರ ಶಾಲೆಗೆ ಸೇರಿದ 42 ಮಂದಿಯಲ್ಲಿ, ಮರುವರ್ಷ ವ್ಯಾಸಂಗವನ್ನು ಪೂರೈಸಿದವರು ನಾಲ್ವರೇ. ಅವರಲ್ಲೊಬ್ಬಳಾದ ಮೇರಿ ಎಲೈಜಾ ಮಹೋನಿ, ಆ ದೇಶದಲ್ಲಿ ಶಿಕ್ಷಿತ ದಾದಿಯೆನಿಸಿದ ಪ್ರಥಮ ಕಪ್ಪು ಮಹಿಳೆ. ಶಾಲೆಗೆ ಸೇರುವ ಮುನ್ನ ಆಕೆ ಅದೇ ಆಸ್ಪತ್ರೆಯಲ್ಲಿ ಅಡುಗೆ, ಬಟ್ಟೆ ಒಗೆತಗಳಲ್ಲಿ ವರ್ಷಗಟ್ಟಲೆ ದುಡಿದು, ವಾರ್ಡುಗಳ ರೀತಿನೀತಿಗಳನ್ನೆಲ್ಲ ಅರಿತಿದ್ದಳು. ಇತರರು ಬಿಟ್ಟುಹೋದ ಕಡೆ ಆಕೆ ನಿಂತುದಕ್ಕೆ ಸ್ವಂತ ಧೈರ್ಯದಷ್ಟೇ ಈ ಪರಿಚಯವೂ ಕಾರಣವಾಗಿದ್ದಿರಬೇಕೆಂದು ನನಗೆ ತೋರುತ್ತದೆ.

ಈ ಪರಿಚಯವಿಲ್ಲದೆ ಬರುವವರ ಪಾಡೇನು? ಮನೆತನದಲ್ಲಿ ಕಾಲೇಜಿನ ಮೆಟ್ಟಿಲನ್ನು ಮೊದಲು ಹತ್ತಿದವಳೂ, ತರಗತಿಯಲ್ಲಿ ತನ್ನ ಜನಾಂಗದವಳು ತಾನೊಬ್ಬಳೇ ಆದವಳೂ, ರಾತ್ರಿ ಅಂಗಡಿಯಲ್ಲಿ ದುಡಿದು ಬೆಳಗ್ಗೆ ವಾರ್ಡಿಗೆ ಬರುವವಳೂ ಆದ ಹುಡುಗಿಗೆ, ಐದು ಮಿಲಿಲೀಟರಿಗೆ 125 ಮಿಲಿಗ್ರಾಂ ಔಷಧವಿರುವ ಸೀಸೆಯಿಂದ 250 ಮಿಲಿಗ್ರಾಂ ಕೊಡಲು ಎಷ್ಟು ಅಳೆಯಬೇಕೆಂಬ ಲೆಕ್ಕವು, ರೋಗಿ ನರಳುತ್ತಿರುವಾಗ, ಮೇಲ್ವಿಚಾರಕಿ ಬೆನ್ನ ಹಿಂದೆ ನಿಂತಿರುವಾಗ, ತಪ್ಪಿದರೆ ‘ಇವಳ ಜನವೇ ಹೀಗೆ’ ಎಂದಾರೆಂಬ ಭಯದಲ್ಲಿ ಮರೆತೇಹೋಗುತ್ತದೆ. ಹತ್ತು ಮಿಲಿಲೀಟರೆಂದು ಅವಳಿಗೆ ಗೊತ್ತು. ಪಕ್ಕದಲ್ಲಿ ನಿಂತು, ನಾಲ್ಕಾರು ಬಾರಿ ಅಳೆಯಿಸಿ, ಅಂಜಿಕೆಯನ್ನು ಬಿಡಿಸುವ ಹಿರಿಯಳೊಬ್ಬಳು ಅವಳಿಗೆ ಬೇಕು. ಅಂಥವಳು ಶಾಲೆ ಬಿಟ್ಟಾಗ ಅಯೋಗ್ಯಳೆಂದು ಬರೆದಿಡುವುದು ಘೋರ ಅನ್ಯಾಯ.

ಇದನ್ನು ಮೊದಲು ಮನಗಂಡು ಹೋರಾಡಿದವರು ಕಪ್ಪು ದಾದಿಯರೇ. ಮಾರ್ಥಾ ಫ್ರಾಂಕ್ಲಿನ್ ಮೊದಲಾದವರು 1908ರಲ್ಲಿ ನ್ಯೂಯಾರ್ಕಿನಲ್ಲಿ ತಮ್ಮದೇ ರಾಷ್ಟ್ರೀಯ ಸಂಘವನ್ನು ಕಟ್ಟಿದರು. ವಿದ್ಯಾರ್ಥಿವೇತನದ ಬಲದಿಂದ 1931ರಲ್ಲಿ ಸ್ನಾತಕೋತ್ತರ ಪದವಿಯನ್ನು ಪಡೆದ ಎಸ್ಟೆಲ್ ಆಸ್ಬರ್ನ್, ಮಹಾಯುದ್ಧಕಾಲದಲ್ಲಿ ರಾಷ್ಟ್ರೀಯ ಶುಶ್ರೂಷಾ ಮಂಡಲಿಯ ಸಲಹೆಗಾರ್ತಿಯಾಗಿ, ಎರಡೇ ವರ್ಷಗಳಲ್ಲಿ ಕಪ್ಪು ವಿದ್ಯಾರ್ಥಿನಿಯರಿಗೆ ಬಾಗಿಲು ತೆರೆದ ಶಾಲೆಗಳ ಸಂಖ್ಯೆಯನ್ನು 14ರಿಂದ 38ಕ್ಕೆ ಏರಿಸಿದಳು. ದಾದಿಯರ ತರಬೇತಿಗೆಂದು ಬಂದ 1943ರ ಬೋಲ್ಟನ್ ಶಾಸನವು ಜನಾಂಗಭೇದವನ್ನು ನಿಷೇಧಿಸಿದ್ದಲ್ಲದೆ, ಶುಲ್ಕ, ಪುಸ್ತಕ, ಸಮವಸ್ತ್ರಗಳ ವೆಚ್ಚವನ್ನು ಹೊತ್ತು, ಆರಂಭದ ತಿಂಗಳುಗಳಲ್ಲಿ ಕೈಖರ್ಚಿಗೆಂದು ಮಾಸಿಕ 15 ಡಾಲರುಗಳನ್ನೂ ಕೊಡಿಸಿತು. ಸುಮಾರು 3,000 ಕಪ್ಪು ಯುವತಿಯರು ಆ ಯೋಜನೆಯಲ್ಲಿ ಕಲಿತರು.

ಪ್ರವೇಶಪೂರ್ವ ಸಿದ್ಧತೆ, ವಿದ್ಯಾರ್ಥಿವೇತನ, ಮಾರ್ಗದರ್ಶನ ಇವುಗಳಿಗಾಗಿ ಅಲ್ಲಿನ ಸರ್ಕಾರ ಅನಂತರವೂ ಅನುದಾನ ನೀಡಿದೆ. ಇವುಗಳಲ್ಲಿ ನನಗೆ ಅತ್ಯಂತ ಮುಖ್ಯವಾಗಿ ಕಾಣುವುದು ಮೊದಲ ವರ್ಷದ ಆಸರೆ: ಅಂಗರಚನಾಶಾಸ್ತ್ರದ ಪ್ರಥಮ ಪರೀಕ್ಷೆಯಲ್ಲಿ ಅಂಕಗಳು ಕುಸಿದೊಡನೆ, ಹುಡುಗಿ ತಾನಾಗಿ ಬರಲೆಂದು ಕಾಯದೆ, ಅಧ್ಯಾಪಕಿಯೇ ಅವಳನ್ನು ಕರೆಸಿ, ರಾತ್ರಿ ಎಷ್ಟು ಹೊತ್ತು ದುಡಿಯುತ್ತೀಯೆ, ಮನೆಯಲ್ಲಿ ಓದಲು ಸ್ಥಳವುಂಟೇ ಎಂದು ವಿಚಾರಿಸಿ, ಆ ವಾರವೇ ತಕ್ಕ ಏರ್ಪಾಡು ಮಾಡುವುದು.